ಫೋಟೋದಲ್ಲಿ ಬಾರದ ಓಟು

ನಮ್ಮ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಫೋಟೋ ಇದೆ. 2023ರ ಮೇ ತಿಂಗಳ ಮೊದಲ ವಾರದ್ದು. ಪಡಸಾಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಮೇಲೆ ನಮ್ಮಜ್ಜಿ ಕೂತಿದ್ದಾಳೆ. ಹಬ್ಬಕ್ಕೆ ಉಡುವ ಸೀರೆ, ಹಣೆ ತುಂಬ ವಿಭೂತಿ. ಹಿಂದೆ ಗೋಡೆಯಲ್ಲಿ ತಾತನ ಫೋಟೋ, ಅದರ ಪಕ್ಕ ಸಹಕಾರ ಸಂಘದ ಕ್ಯಾಲೆಂಡರ್. ಅಜ್ಜಿಯ ಎಡಕ್ಕೆ ದೊಡ್ಡಪ್ಪ, ಬಲಕ್ಕೆ ದೊಡ್ಡಮ್ಮ, ಮುಂದೆ ನೆಲದ ಮೇಲೆ ಮೂರು ಮಕ್ಕಳು. ಎಲ್ಲರೂ ನಗ್ತಾ ಇದ್ದಾರೆ, ಅಜ್ಜಿ ಒಬ್ಬಳನ್ನು ಬಿಟ್ಟು. ಫೋಟೋ ಕೆಳಗೆ ನನ್ನ ಕಸಿನ್ ಬರೆದಿದ್ದ: 'ಮನೆಯಿಂದಲೇ ಓಟು ಹಾಕಿದ ನಮ್ಮಜ್ಜಿ. ಪ್ರಜಾಪ್ರಭುತ್ವಕ್ಕೆ ಜೈ.' ಬೆಂಗಳೂರಲ್ಲಿ ಆಫೀಸಿನ ಕ್ಯಾಂಟೀನಿನಲ್ಲಿ ಕೂತು ನಾನೂ ಎರಡು ಕೈ ಮುಗಿಯುವ ಎಮೋಜಿ ಒತ್ತಿದ್ದೆ.

ಆ ವಾರ ಪೇಪರಿನ ತುಂಬ ಇಂಥವೇ ಫೋಟೋಗಳು. ಜಿಲ್ಲಾ ಪುಟ ತೆಗೆದರೆ ಸಾಕು, ಮಂಚದ ಮೇಲೊಬ್ಬ ಅಜ್ಜ, ಗಾಲಿಕುರ್ಚಿಯಲ್ಲೊಬ್ಬ ಅಜ್ಜಿ, ಪಕ್ಕದಲ್ಲಿ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಅಧಿಕಾರಿಗಳು. ಸುದ್ದಿಯ ಅಚ್ಚೂ ಒಂದೇ. ಮೊದಲ ಸಾಲಿನಲ್ಲಿ ವಯಸ್ಸು, ಎರಡನೇ ಸಾಲಿನಲ್ಲಿ 'ಇಳಿವಯಸ್ಸಿನಲ್ಲೂ ಉತ್ಸಾಹ', ಮೂರನೇ ಸಾಲಿನಲ್ಲಿ 'ಯುವಕರಿಗೆ ಮಾದರಿ'. ಮತ ಹಾಕಿದವರು ಏನಂದರು ಅಂತ ಹುಡುಕಿದರೆ 'ಖುಷಿಯಾಯಿತು' ಅನ್ನೋ ಒಂದು ಮಾತು ಇರುತ್ತೆ, ಅದೂ ಎಷ್ಟೋ ಸಲ ಮಗನ ಬಾಯಲ್ಲಿ.

ನಾನು ಈ ಬರಹದಲ್ಲಿ ಜಗಳ ತೆಗೆಯೋಕೆ ಹೊರಟಿರೋದು ಈ ಫೋಟೋದ ಮೇಲೆ, ಈ ಮೂರು ಸಾಲಿನ ಸುದ್ದಿಯ ಮೇಲೆ. ಮನೆಯಿಂದ ಮತದಾನ ಅನ್ನೋ ಏರ್ಪಾಡಿನ ಮೇಲಲ್ಲ. ಅದು ಬೇಕಾದದ್ದೇ. ಆದರೆ ಬೂತಿಗೆ ಹೋಗದೆ, ಮೊದಲೇ ಓಟು ಹಾಕಿದವರ ಅನುಭವ ಏನು ಅಂತ ನಮಗೆ ನಿಜವಾಗಿಯೂ ಗೊತ್ತಿದೆಯಾ? ನನಗೆ ಗೊತ್ತಿರಲಿಲ್ಲ. ಒಂದು ವರ್ಷ ಬಿಟ್ಟು ಅಜ್ಜಿಯೇ ಹೇಳಿದ ಮೇಲೆ ಗೊತ್ತಾಯಿತು.

ಮೊದಲು ಏರ್ಪಾಡಿನ ವಿಷಯ. ಕರ್ನಾಟಕದ ವಿಧಾನಸಭಾ ಚುನಾವಣೆಯಲ್ಲಿ 80 ದಾಟಿದವರಿಗೆ ಮತ್ತು ಶೇ 40ಕ್ಕೆ ಮೇಲ್ಪಟ್ಟು ಅಂಗವೈಕಲ್ಯ ಇರುವವರಿಗೆ ಮನೆಯಲ್ಲೇ ಓಟು ಹಾಕುವ ಅವಕಾಶ ಸಿಕ್ಕಿದ್ದು 2023ರಲ್ಲಿ, ಅದೇ ಮೊದಲು. ಕಾನೂನಿನ ಲೆಕ್ಕದಲ್ಲಿ ಇದು ಅಂಚೆ ಮತವೇ. ಅಂಚೆಯಣ್ಣನ ಬದಲು ಚುನಾವಣಾ ತಂಡವೇ ಮನೆಗೆ ಬರುತ್ತೆ, ಅಷ್ಟೇ ವ್ಯತ್ಯಾಸ. 12ಡಿ ಅನ್ನೋ ಅರ್ಜಿಯನ್ನು ಅಧಿಸೂಚನೆ ಬಂದ ಐದು ದಿನದೊಳಗೆ ತುಂಬಿ ಕೊಡಬೇಕು. ಆ ವರ್ಷ ಅಧಿಸೂಚನೆ ಬಂದದ್ದು ಏಪ್ರಿಲ್ 13ಕ್ಕೆ, ಮತದಾನ ಮೇ 10ಕ್ಕೆ. ತಂಡ ಮೊದಲ ಸಲ ಬಂದಾಗ ನೀವು ಸಿಗಲಿಲ್ಲ ಅಂದರೆ ಇನ್ನೊಂದು ಸಲ ಬರ್ತಾರೆ, ಆಗಲೂ ಸಿಗದಿದ್ದರೆ ಮುಗೀತು. ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ಅಂಚೆ ಮತದ ಗುರುತು ಬಿದ್ದಿರೋದರಿಂದ ಬೂತಿಗೆ ಹೋದರೂ ಬಿಡೋದಿಲ್ಲ.

ಚುನಾವಣಾ ಆಯೋಗ ಹೇಳಿದ ಪ್ರಕಾರ ರಾಜ್ಯದಲ್ಲಿ ಆಗ 80 ದಾಟಿದ ಮತದಾರರು 12.15 ಲಕ್ಷ. ಅಂಗವಿಕಲರನ್ನೂ ಸೇರಿಸಿ ಮನೆಯಿಂದ ಓಟು ಹಾಕಿದವರು 94 ಸಾವಿರದ ಮೇಲೆ, ಲಕ್ಷ ಮುಟ್ಟಲಿಲ್ಲ. ಈ ಎರಡು ಸಂಖ್ಯೆ ನೆನಪಿರಲಿ, ಮುಂದೆ ಬೇಕಾಗುತ್ತೆ.

ನಮ್ಮೂರು ಪಿರಿಯಾಪಟ್ಟಣ ತಾಲ್ಲೂಕು ಹಾರನಹಳ್ಳಿ ಹೋಬಳಿ. ಏಪ್ರಿಲ್-ಮೇ ಅಂದರೆ ಇಲ್ಲಿ ಹೊಗೆಸೊಪ್ಪಿನ ಸಸಿ ಕಾಲ. ಮಳೆ ಬಿದ್ದ ತಕ್ಷಣ ನಾಟಿ, ಮನೆ ಜನ ಎಲ್ಲ ಹೊಲದಲ್ಲಿ. ಬಿಎಲ್ಒ ಆಗಿದ್ದ ಅಂಗನವಾಡಿ ಮೇಡಂ 12ಡಿ ಅರ್ಜಿ ತಂದಾಗ ಮನೆಯಲ್ಲಿದ್ದದ್ದು ದೊಡ್ಡಪ್ಪ ಒಬ್ಬರೇ. 'ಅವ್ವಂಗೆ ಸ್ಕೂಲ್ತಂಕ ನಡೆಯಕಾಯ್ತದಾ? ಇಲ್ಲೇ ಹಾಕ್ಸುದ್ರಾಯ್ತು' ಅಂತ ತುಂಬಿಸಿ, ಅಜ್ಜಿ ಸಂಜೆ ಬಂದ ಮೇಲೆ ಹೆಬ್ಬೆಟ್ಟು ಒತ್ತಿಸಿ ಕೊಟ್ಟರು. ಒಳ್ಳೇ ಮನಸ್ಸಿನಿಂದಲೇ. ಅಜ್ಜಿ ಆ ಸಂಜೆ ಎಲ್ಲಿಗೆ ಹೋಗಿದ್ದಳು ಅಂತ ಯಾರೂ ಯೋಚನೆ ಮಾಡಲಿಲ್ಲ. ಸ್ಕೂಲಿನ ಹಿಂದಿನ ಹೊಲಕ್ಕೆ ಎಮ್ಮೆ ಹೊಡ್ಕೊಂಡು ಹೋಗಿದ್ದಳು.

ಅಜ್ಜಿ ಹುಟ್ಟಿದ ವರ್ಷ ಅವಳಿಗೂ ಸರಿಯಾಗಿ ಗೊತ್ತಿಲ್ಲ. ಮತದಾರರ ಪಟ್ಟಿ ಪ್ರಕಾರ 2023ಕ್ಕೆ 82. ಆ ಲೆಕ್ಕ ಹಿಡಿದರೆ ಅವಳಿಗೆ 21 ತುಂಬಿದ್ದು 1962ಕ್ಕೆ. ಆಗ ಓಟಿನ ವಯಸ್ಸು 21, ಅದು 18ಕ್ಕೆ ಇಳಿದದ್ದು 1989ರಲ್ಲಿ. ಬೆರಳಿಗೆ ಅಳಿಸದ ಶಾಯಿ ಹಚ್ಚೋಕೆ ಶುರು ಮಾಡಿದ್ದೂ 1962ರ ಚುನಾವಣೆಯಿಂದಲೇ. ಆ ಶಾಯಿ ತಯಾರಾಗೋದು ನಮ್ಮ ಮೈಸೂರಿನಲ್ಲಿ, ನಾಲ್ವಡಿಯವರು 1937ರಲ್ಲಿ ಕಟ್ಟಿಸಿದ ಬಣ್ಣದ ಕಾರ್ಖಾನೆಯಲ್ಲಿ. ಅಂದರೆ ಅಜ್ಜಿಯ ಮೊದಲ ಓಟಿಗೂ ಶಾಯಿಯ ಮೊದಲ ಓಟಿಗೂ ಒಂದೇ ವಯಸ್ಸು. ಕಾಗದದ ಮೇಲೆ ಮುದ್ರೆ ಒತ್ತಿದ್ದಾಳೆ, ಆಮೇಲೆ ಮಷೀನಿನ ಬಟನ್ ಒತ್ತಿದ್ದಾಳೆ. ಪಕ್ಕದ ಹುಣಸೂರಿನ ದೇವರಾಜ ಅರಸರು ಮುಖ್ಯಮಂತ್ರಿ ಆಗಿದ್ದನ್ನು ನೋಡಿದ್ದಾಳೆ. ಇಷ್ಟು ವರ್ಷದಲ್ಲಿ ಯಾರಿಗೆ ಹಾಕಿದೆ ಅಂತ ಯಾರ ಹತ್ತಿರವೂ ಬಾಯಿ ಬಿಟ್ಟವಳಲ್ಲ.

ಈಗ ಫೋಟೋ ತೆಗೆಯೋ ಮುಂಚೆ ನಡೆದದ್ದು. ನಾನು ಅಲ್ಲಿರಲಿಲ್ಲ. ಅಜ್ಜಿ, ದೊಡ್ಡಮ್ಮ ಹೇಳಿದ್ದನ್ನು ಕೂಡಿಸಿ ಬರೀತಿದ್ದೀನಿ.

ಇಬ್ಬರು ಅಧಿಕಾರಿಗಳು, ಒಬ್ಬ ಪೊಲೀಸಪ್ಪ, ವಿಡಿಯೋ ಮಾಡೋ ಹುಡುಗ ಒಬ್ಬ, ಅಂಗನವಾಡಿ ಮೇಡಂ, ಹಿಂದೆ ಎರಡು ಪಾರ್ಟಿಯ ಏಜೆಂಟರು. ಅವರ ಹಿಂದೆ ಬೀದಿಯ ಮಕ್ಕಳೆಲ್ಲ. ಬಂದವರು ಮರ್ಯಾದೆಯಿಂದಲೇ ನಡ್ಕೊಂಡರು, ಕೈ ಮುಗಿದು 'ಅಜ್ಜಿ, ಹೆಂಗಿದ್ದೀರಾ' ಅಂದರು. ರಟ್ಟಿನ ಮರೆಯನ್ನು ಊಟದ ಟೇಬಲ್ ಮೇಲೆ ನಿಲ್ಲಿಸಿದರು. ಓಟಿನ ಕಾಗದ ಕೊಟ್ಟರು. ಅಜ್ಜಿ ಕೈಗೆ ಪೆನ್ನು ಕೊಟ್ಟರು.

ಅಲ್ಲೇ ಎಡವಟ್ಟು. ಅಜ್ಜಿ ಪೆನ್ನು ಹಿಡಿದವಳಲ್ಲ. ಮುದ್ರೆ ಗೊತ್ತು, ಬಟನ್ ಗೊತ್ತು, ಹೆಬ್ಬೆಟ್ಟು ಗೊತ್ತು. ಅಂಚೆ ಮತದ ಕಾಗದದಲ್ಲಿ ಪೆನ್ನಿನಿಂದ ಸರಿ ಗುರುತೋ ತಪ್ಪು ಗುರುತೋ ಹಾಕಬೇಕು. ಕಣ್ಣೂ ಅಷ್ಟಕ್ಕಷ್ಟೇ. ಅಜ್ಜಿ ಪೆನ್ನನ್ನು ಹಿಂದುಮುಂದು ತಿರುಗಿಸಿ ನೋಡಿದಳು. ಅಧಿಕಾರಿ 'ಯಾರಾದ್ರೂ ಸಹಾಯಕ್ಕೆ ಬೇಕಾ ಅಜ್ಜಿ?' ಅಂತ ಕೇಳಿದರು. ನಿಯಮದಲ್ಲಿ ಅದಕ್ಕೆ ಅವಕಾಶ ಇದೆ. ಅಜ್ಜಿ ಉತ್ತರ ಕೊಡೋ ಮೊದಲೇ ದೊಡ್ಡಪ್ಪ 'ನಾ ಇವ್ನಿ ಬುಡಿ ಸಾ' ಅಂತ ಮರೆಯ ಹಿಂದೆ ಹೋಗಿ ನಿಂತರು. ಈ ದೊಡ್ಡಪ್ಪ ಒಂದು ಪಾರ್ಟಿಯ ಕಟ್ಟಾಳು. ಮನೆ ಮೇಲೆ ಬಾವುಟ ಕಟ್ಟಿದವರು.

'ಅವ್ವಾ, ಯಾವುದಕ್ಕೆ?' ಅಂತ ಕೇಳಿದರಂತೆ. ಏಳು ಜನ ಹೊರಗಿನವರು, ಮನೆಯ ಎಂಟು ಜನ. ಅಜ್ಜಿ 'ನೀನೇ ಹಾಕಪ್ಪ' ಅಂದಳಂತೆ. ದೊಡ್ಡಪ್ಪ ಹಾಕಿದರು. ಕವರಿಗೆ ಹಾಕಿ ಅಂಟಿಸಿದರು. ಘೋಷಣೆ ಕಾಗದಕ್ಕೆ ಅಜ್ಜಿ ಹೆಬ್ಬೆಟ್ಟು ಒತ್ತಿದಳು. ಚಪ್ಪಾಳೆ. ಫೋಟೋ.

ಅಜ್ಜಿ ನನಗೆ ಇದನ್ನು ಹೇಳಿದ್ದು ಅವರೆಕಾಯಿ ಬಿಡಿಸ್ತಾ, ತಲೆ ಎತ್ತದೆ. 'ನಿಮ್ಮ್ ತಾತಂಗೂ ಹೇಳ್ದೆ ಅಷ್ಟ್ ವರ್ಸ ಹಾಕಿವ್ನಿ ಕನ್ ಮಗ. ಆವತ್ತು ನನ್ ಮನೇಲೇ ನನ್ ಓಟು ಹೊಂಟೋಯ್ತು.'

ನೋಡಿ, ಇಲ್ಲಿ ಯಾರೂ ಕಳ್ಳರಲ್ಲ. ಅಧಿಕಾರಿಗಳು ನಿಯಮ ಪಾಲಿಸಿದರು. ದೊಡ್ಡಪ್ಪ ತಾನು ಸಹಾಯ ಮಾಡಿದೆ ಅಂತಲೇ ಇವತ್ತಿಗೂ ನಂಬಿದ್ದಾರೆ. ಅಜ್ಜಿ ತಾನೇ ಬಾಯಿ ಬಿಟ್ಟು 'ನೀನೇ ಹಾಕಪ್ಪ' ಅಂದಿದ್ದಾಳೆ, ವಿಡಿಯೋದಲ್ಲೂ ಅದೇ ಇರುತ್ತೆ. ಕಾಗದದಲ್ಲಿ ಎಲ್ಲ ಸರಿ ಇದೆ. ಆದರೂ ಓಟು ಮಾತ್ರ ಅಜ್ಜಿಯದಾಗಲಿಲ್ಲ.

ಬೂತಿನಲ್ಲಿ ಕಣ್ಣು ಕಾಣದವರು, ಕೈಲಾಗದವರು ಜೊತೆಗಾರರನ್ನು ಕರ್ಕೊಂಡು ಹೋಗಬಹುದು. ಆ ಜೊತೆಗಾರ ಗುಟ್ಟು ಕಾಪಾಡ್ತೀನಿ ಅಂತ ಬರೆದುಕೊಡಬೇಕು, ಒಂದು ದಿನಕ್ಕೆ ಒಬ್ಬರಿಗಿಂತ ಹೆಚ್ಚು ಜನಕ್ಕೆ ಜೊತೆಗಾರನಾಗೋ ಹಾಗಿಲ್ಲ. ಪ್ರಜಾಪ್ರತಿನಿಧಿ ಕಾಯ್ದೆಯ 94ನೇ ಕಲಂ ಇನ್ನೂ ಮುಂದೆ ಹೋಗಿ, ಯಾರಿಗೆ ಓಟು ಹಾಕಿದೆ ಅಂತ ಹೇಳು ಅಂತ ಯಾರನ್ನೂ ಒತ್ತಾಯ ಮಾಡೋ ಹಾಗಿಲ್ಲ ಅನ್ನುತ್ತೆ. ಕಾನೂನು ಮಾಡಿದವರು ಕಂಡಿದ್ದ ಭಯ ಊರ ಗೌಡನದು, ಸಾಹುಕಾರನದು, ಪೊಲೀಸಿನದು. ಓಟಿನ ಮರೆಯನ್ನು ಅವರ ಕಣ್ಣಿನಿಂದ ತಪ್ಪಿಸೋಕೆ ಕಟ್ಟಿದ್ದು. ಮರೆಯನ್ನೇ ಮನೆಯ ಪಡಸಾಲೆಗೆ ತಂದಾಗ, ಅಲ್ಲಿ ಗೌಡ ಇಲ್ಲ, ಮಗ ಇದ್ದಾನೆ. ಮಗನಿಗೆ ಹೆದರಬೇಕಿಲ್ಲ, ಆದರೆ ಮಗನ ಮುಖ ನೋಡಿ ಇಲ್ಲ ಅನ್ನೋಕೂ ಆಗಲ್ಲ. ಅವನ ಕೈ ಅನ್ನ ತಿನ್ನಬೇಕು, ಅವನು ತಂದ ಮಾತ್ರೆ ನುಂಗಬೇಕು.

'ನ್ಯೂಟನ್' ಅನ್ನೋ ಹಿಂದಿ ಸಿನಿಮಾ 2017ರಲ್ಲಿ ಬಂದಿತ್ತು, ಅಮಿತ್ ಮಸೂರ್ಕರ್ ನಿರ್ದೇಶನ, ರಾಜ್‌ಕುಮಾರ್ ರಾವ್ ಚುನಾವಣಾ ಅಧಿಕಾರಿ. ಛತ್ತೀಸಗಢದ ಕಾಡಿನ ಬೂತಿಗೆ ಜನ ಬರೋದೇ ಇಲ್ಲ. ವಿದೇಶಿ ವರದಿಗಾರ್ತಿ ಬರ್ತಾಳೆ ಅಂದ ತಕ್ಷಣ ಭದ್ರತಾ ಪಡೆಯವರು ಹಳ್ಳಿ ಜನರನ್ನು ಒಟ್ಟುಮಾಡಿ ಕರ್ಕೊಂಡು ಬರ್ತಾರೆ. ಕ್ಯಾಮೆರಾಗೆ ಬೇಕಾದ ಚಿತ್ರ ಸಿಗುತ್ತೆ. ಯಾರು ನಿಂತಿದ್ದಾರೆ, ಯಾಕೆ ಒತ್ತಬೇಕು ಅನ್ನೋದು ಒತ್ತುವವರಿಗೇ ಗೊತ್ತಿಲ್ಲ. ಮೊದಲ ಸಲ ನೋಡಿದಾಗ ಅದು ದೂರದ ಕಾಡಿನ ಕತೆ ಅಂತ ನಕ್ಕಿದ್ದೆ. ಅಜ್ಜಿ ಮಾತು ಕೇಳಿದ ಮೇಲೆ ಮತ್ತೆ ನೋಡಿದೆ. ನಮ್ಮ ಪಡಸಾಲೆಯಲ್ಲಿ ಬಂದೂಕು ಇರಲಿಲ್ಲ ಅನ್ನೋದೊಂದೇ ವ್ಯತ್ಯಾಸ. ಚಿತ್ರ ಸಿಕ್ಕರೆ ಸಾಕು ಅನ್ನೋ ಆತುರ ಎರಡೂ ಕಡೆ ಒಂದೇ.

ಅಂಚೆ ಮತ ಅಂದರೆ ಅಜ್ಜ ಅಜ್ಜಿಯರದ್ದು ಮಾತ್ರ ಅಲ್ಲ. ಅದರ ಹಳೇ ಗಿರಾಕಿಗಳು ಸೈನಿಕರು ಮತ್ತು ಚುನಾವಣಾ ಕೆಲಸಕ್ಕೆ ಹೋಗೋ ನೌಕರರು. ನಮ್ಮ ಚಿಕ್ಕಮ್ಮ ಹುಣಸೂರು ತಾಲ್ಲೂಕಿನಲ್ಲಿ ಸರ್ಕಾರಿ ಶಾಲೆ ಮೇಡಂ, ಓಟೂ ಅಲ್ಲೇ. ಎಷ್ಟು ಚುನಾವಣೆ ಮಾಡಿಸಿದ್ದಾರೋ ಲೆಕ್ಕ ಇಲ್ಲ. ಊರವರ ಬೆರಳಿಗೆಲ್ಲ ಶಾಯಿ ಹಚ್ಚಿದವರ ಬೆರಳು ಎಷ್ಟೋ ಸಲ ಬೋಳು, ಯಾಕಂದರೆ ಅಂಚೆ ಕವರಿನಲ್ಲಿ ಶಾಯಿ ಬರಲ್ಲ.

2013ರ ವಿಧಾನಸಭೆ ಚುನಾವಣೆಯಲ್ಲಿ ಅವರಿಗೆ ಡ್ಯೂಟಿ ಬಿದ್ದದ್ದು ಬೇರೆ ಕ್ಷೇತ್ರದಲ್ಲಿ. ಅಂಚೆ ಮತದ ಕವರು ಬಂತು. ಒಳಗೆ ಓಟಿನ ಕಾಗದ, 13ಎ ಅನ್ನೋ ಘೋಷಣೆ, 13ಬಿ ಅನ್ನೋ ಚಿಕ್ಕ ಕವರು, 13ಸಿ ಅನ್ನೋ ದೊಡ್ಡ ಕವರು, 13ಡಿ ಅನ್ನೋ ಸೂಚನೆ ಹಾಳೆ. ಓಟಿನ ಕಾಗದವನ್ನು ಚಿಕ್ಕ ಕವರಿಗೆ ಹಾಕಿ ಅಂಟಿಸಬೇಕು. ಘೋಷಣೆಗೆ ಸಹಿ ಹಾಕಿ, ಅಧಿಕಾರಿಯಿಂದ ದೃಢೀಕರಣ ಮಾಡಿಸಿ, ಅದನ್ನು ಚಿಕ್ಕ ಕವರಿನ ಹೊರಗಿಟ್ಟು, ಎರಡನ್ನೂ ದೊಡ್ಡ ಕವರಿಗೆ ಹಾಕಬೇಕು. ಚಿಕ್ಕಮ್ಮ ಮಾರನೇ ದಿನದ ಡ್ಯೂಟಿಯ ಗಡಿಬಿಡಿಯಲ್ಲಿ ಘೋಷಣೆಯನ್ನೂ ಚಿಕ್ಕ ಕವರಿನ ಒಳಗೇ ಹಾಕಿ ಅಂಟಿಸಿಬಿಟ್ಟರು. ಓಟು ಹಾಕಿದೆ ಅನ್ನೋ ಸಮಾಧಾನದಲ್ಲಿ ಐದು ವರ್ಷ ಇದ್ದರು.

2018ರಲ್ಲಿ ಅವರನ್ನು ಎಣಿಕೆ ಕೆಲಸಕ್ಕೆ ಹಾಕಿದರು, ಅದೂ ಅಂಚೆ ಮತದ ಟೇಬಲ್ಲಿಗೆ. ಬೆಳಿಗ್ಗೆ 8ಕ್ಕೆ ಮೊದಲು ಎಣಿಸೋದು ಅದನ್ನೇ. ದೊಡ್ಡ ಕವರು ಒಡೆಯೋದು, 13ಎ ಹುಡುಕೋದು. ಅದು ಕಾಣಲಿಲ್ಲ ಅಂದರೆ, ಸಹಿ ಇಲ್ಲ ಅಂದರೆ, ದೃಢೀಕರಣ ಇಲ್ಲ ಅಂದರೆ ಚಿಕ್ಕ ಕವರನ್ನು ಬಿಚ್ಚೋದೇ ಇಲ್ಲ, ಹಾಗೇ ತಿರಸ್ಕಾರದ ಕಟ್ಟಿಗೆ. ಅಂಥ ಕವರೊಂದು ಕೈಗೆ ಬಂದಾಗ ಚಿಕ್ಕಮ್ಮನಿಗೆ ಥಟ್ಟನೆ ಹೊಳೆದದ್ದು: 'ಅಯ್ಯೋ, ಹೋದ್ಸಲದ ನನ್ನ ಓಟೂ ಹಿಂಗೇ ಹೋಗಿದ್ದು!' ತಮ್ಮ ಓಟು ಸತ್ತ ಸುದ್ದಿ ಅವರಿಗೆ ತಲುಪಿದ್ದು ಐದು ವರ್ಷ ತಡವಾಗಿ, ಇನ್ಯಾರದೋ ಕವರಿನ ಮೂಲಕ.

ನಾನು ಹೊಟ್ಟೆಪಾಡಿಗೆ ಮಾಡೋದು ಇಂಥ ಕೆಲಸವೇ, ಜನ ತುಂಬೋ ಫಾರ್ಮುಗಳನ್ನು ಕಂಪ್ಯೂಟರಿನಲ್ಲಿ ಕಟ್ಟೋದು. ನಮ್ಮ ಕಡೆ ಒಂದು ಮಾತಿದೆ: ಒಬ್ಬ ತಪ್ಪು ತುಂಬಿದರೆ ಅವನ ತಪ್ಪು, ಎಲ್ಲರೂ ಒಂದೇ ಜಾಗದಲ್ಲಿ ತಪ್ಪು ತುಂಬಿದರೆ ಫಾರ್ಮಿನ ತಪ್ಪು. 13ಎ, 13ಬಿ, 13ಸಿ ಅನ್ನೋ ಹೆಸರು ಕಚೇರಿಯ ಕಡತಕ್ಕೆ ಅನುಕೂಲ. ತುಂಬುವವರಿಗೆ ಯಾವುದರ ಒಳಗೆ ಯಾವುದು ಅಂತ ಅದು ಹೇಳಲ್ಲ. ಹತ್ತನೇ ಕ್ಲಾಸಿಗೆ ಪಾಠ ಹೇಳೋ ಮೇಡಮ್ಮಿಗೇ ಹೀಗಾದರೆ ಉಳಿದವರ ಪಾಡೇನು? ಅದಕ್ಕಿಂತ ದೊಡ್ಡ ಕೊರತೆ ಅಂದರೆ, ತಪ್ಪಾಯಿತು ಅಂತ ಯಾರೂ ತಿಳಿಸಲ್ಲ. ಕರೆಂಟ್ ಬಿಲ್ಲು ಕಟ್ಟಿದರೆ ಮೆಸೇಜ್ ಬರುತ್ತೆ, ಗ್ಯಾಸ್ ಬುಕ್ ಮಾಡಿದರೆ ಬರುತ್ತೆ, ಹೊಗೆಸೊಪ್ಪು ಮಾರಿದ ದುಡ್ಡು ಬ್ಯಾಂಕಿಗೆ ಬಿದ್ದರೂ ಬರುತ್ತೆ. ಓಟು ತಿರಸ್ಕಾರ ಆದರೆ ಏನೂ ಬರಲ್ಲ.

2023ರ ಆಗಸ್ಟಿನಲ್ಲಿ ನಿಯಮ ಬದಲಾಯಿತು. ಚುನಾವಣಾ ಕೆಲಸದವರು ಅಂಚೆ ಮತದ ಕಾಗದವನ್ನು ಮನೆಗೆ ತಗೊಂಡು ಹೋಗೋ ಹಾಗಿಲ್ಲ, ಸೌಲಭ್ಯ ಕೇಂದ್ರದಲ್ಲೇ ಪಡೆದು, ಅಲ್ಲೇ ಗುರುತು ಹಾಕಿ, ಅಲ್ಲೇ ಕೊಟ್ಟು ಬರಬೇಕು. ಒಳ್ಳೇ ಬದಲಾವಣೆ. ಮನೆಗೆ ಹೋದ ಕಾಗದ ಯಾರ ಕೈಗೆ ಬೇಕಾದರೂ ಹೋಗಬಹುದಿತ್ತು. ಆದರೆ ಗಮನಿಸಿ, ನೌಕರರ ಓಟನ್ನು ಮನೆಯಿಂದ ಹೊರಗೆ ತಂದ ಹೊತ್ತಲ್ಲೇ ಅಜ್ಜಿಯರ ಓಟನ್ನು ಮನೆಯೊಳಗೆ ಕಳಿಸಿದ್ದೀವಿ. ಒಂದು ಕಡೆ ಮನೆ ಗುಟ್ಟಿಗೆ ಅಪಾಯ ಅಂತ ಒಪ್ಪಿಕೊಂಡವರು ಇನ್ನೊಂದು ಕಡೆ ಅದನ್ನು ಮರೆತ ಹಾಗಿದೆ.

ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋಬೇಕು, ನಾಲ್ಕು ಕವರು ಹೋದರೆ ಏನು ಮುಳುಗುತ್ತೆ ಅನ್ನೋರಿಗೆ ಎರಡು ನೆನಪು. 2004ರಲ್ಲಿ ಪಕ್ಕದ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಓಟು, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ಓಟು. ಸೋತವರ ಕಾರಿನ ಡ್ರೈವರಿಗೇ ಆವತ್ತು ಓಟು ಹಾಕೋಕೆ ಬಿಡುವಾಗಲಿಲ್ಲ ಅನ್ನೋ ಕತೆ ನಮ್ಮ ಕಡೆ ಅರಳಿಕಟ್ಟೆ ಮೇಲೆ ಇವತ್ತಿಗೂ ಓಡುತ್ತೆ. ಕೆಲಸಕ್ಕೆ ಹೋದವನ ಓಟಿನ ಬೆಲೆ ಅದು. ಇನ್ನೊಂದು, 2023ರ ಜಯನಗರ. ತಿರಸ್ಕಾರವಾದ ಅಂಚೆ ಮತಗಳ ಜಗಳ, ಮರು ಎಣಿಕೆ ಎಲ್ಲ ಮುಗಿದು ರಾತ್ರಿ ಬಂದ ಫಲಿತಾಂಶದಲ್ಲಿ ಸಿ.ಕೆ. ರಾಮಮೂರ್ತಿ ಅವರು ಸೌಮ್ಯಾ ರೆಡ್ಡಿ ಅವರ ಮೇಲೆ ಗೆದ್ದದ್ದು 16 ಓಟಿನಲ್ಲಿ. ಗೆಲುವಿನ ಅಂತರ ತಿರಸ್ಕಾರವಾದ ಅಂಚೆ ಮತಗಳಿಗಿಂತ ಕಡಿಮೆ ಇದ್ದರೆ ಅವನ್ನೆಲ್ಲ ಮತ್ತೆ ಪರಿಶೀಲಿಸಬೇಕು ಅನ್ನೋ ಸೂಚನೆ ಆಯೋಗದ್ದೇ ಇದೆ. ಆ ಕಟ್ಟಿನ ತೂಕ ಅವರಿಗೂ ಗೊತ್ತು.

ನನ್ನ ಇಂಜಿನಿಯರಿಂಗ್ ಕಾಲೇಜಿನ ಗೆಳೆಯ ಒಬ್ಬ ಕ್ಯಾಲಿಫೋರ್ನಿಯಾದಲ್ಲಿದ್ದಾನೆ, ಈಗ ಅಲ್ಲಿನ ಪ್ರಜೆ. ಅಲ್ಲಿ ಎಲ್ಲ ಮತದಾರರ ಮನೆಗೂ ಓಟಿನ ಕಾಗದ ಅಂಚೆಯಲ್ಲಿ ಬರುತ್ತೆ. ಒಂದು ವಾರ ಟೇಬಲ್ ಮೇಲೆ ಇಟ್ಕೊಂಡು, ಓದಿ, ತುಂಬಿ, ಲೈಬ್ರರಿ ಮುಂದಿನ ಡಬ್ಬಿಗೆ ಹಾಕಿದ. ತಲುಪಿತು ಅಂತ ಒಂದು ಮೆಸೇಜ್, ಎಣಿಸಿದ್ದೀವಿ ಅಂತ ಇನ್ನೊಂದು. ಸಹಿ ಹೊಂದದಿದ್ದರೆ ತಿಳಿಸಿ, ಸರಿ ಮಾಡೋಕೆ ಅವಕಾಶ ಕೊಡ್ತಾರೆ. ಕೇಳಿ ಹೊಟ್ಟೆ ಉರೀತು. ಆಮೇಲೆ ಅವನೇ ನಗ್ತಾ ಅಂದ, 'ನಂದೂ ನನ್ ಹೆಂಡ್ತೀದೂ ಒಟ್ಟಿಗೇ ಕೂತ್ಕೊಂಡು ತುಂಬ್ದೋ ಮಾರಾಯ, ಹೆಂಗೂ ಇಬ್ರದೂ ಒಂದೇ.' ಒಂದೇ ಅಂತ ಯಾರು ತೀರ್ಮಾನ ಮಾಡಿದ್ದು ಅಂತ ಕೇಳೋಣ ಅನ್ನಿಸಿತು, ಕೇಳಲಿಲ್ಲ. ಊಟದ ಟೇಬಲ್ ಅಲ್ಲೂ ಇದೆ, ನಮ್ಮ ಪಡಸಾಲೆಯಲ್ಲೂ ಇದೆ.

ಈಗ ಫೋಟೋದಲ್ಲಿ ಇಲ್ಲದವರ ಮಾತು. ನಾನು ಓಟಿನ ಹಿಂದಿನ ರಾತ್ರಿ ಬೆಂಗಳೂರು ಸ್ಯಾಟಲೈಟ್ ಬಸ್ ಸ್ಟ್ಯಾಂಡಿನಲ್ಲಿ ನಿಂತು, ಮಡಿಕೇರಿ ಬಸ್ಸು ಹಿಡಿದು, ಪಿರಿಯಾಪಟ್ಟಣದಲ್ಲಿ ಇಳಿದು ಊರಿಗೆ ಹೋಗ್ತೀನಿ. 2023ರಲ್ಲಿ ಜನ ರಜೆ ಸೇರಿಸ್ಕೊಂಡು ಟೂರ್ ಹೋಗದ ಹಾಗೆ ಅಂತ ಮತದಾನವನ್ನು ಬುಧವಾರಕ್ಕೆ ಇಟ್ಟಿದ್ದರು. ಊರಿಗೆ ಹೋಗಿ ಓಟು ಹಾಕುವವರಿಗೆ ಅದರಿಂದಲೇ ಕಷ್ಟ ಆಗಿದ್ದನ್ನು ಯಾರೂ ಬರೆಯಲಿಲ್ಲ. ಆದರೂ ನನಗೆ ಸಂಬಳದ ರಜೆ ಇದೆ, ಬಸ್ ಚಾರ್ಜಿಗೆ ಕಾಸಿದೆ. ಎಚ್.ಡಿ. ಕೋಟೆಯ ಹಾಡಿಗಳಿಂದ ಕೊಡಗಿನ ಕಾಫಿ ತೋಟಕ್ಕೆ ಹೋಗಿ ಲೈನ್‌ಮನೆಯಲ್ಲಿ ಇರೋ ಜೇನುಕುರುಬರಿಗೆ ಏನಿದೆ? ದಿನಗೂಲಿ ಬಿಟ್ಟು ಬರಬೇಕು. ಅವರು ಸೈನಿಕರಲ್ಲ, ನೌಕರರಲ್ಲ, 85 ಆಗಿಲ್ಲ. ಅಂಚೆ ಮತದ ಯಾವ ಅರ್ಜಿಯಲ್ಲೂ ಅವರಿಗೆ ಕಾಲಂ ಇಲ್ಲ. ವಲಸೆ ಹೋದವರಿಗಾಗಿ ಅಂತ 2023ರ ಜನವರಿಯಲ್ಲಿ ಆಯೋಗ ದೂರದಿಂದ ಓಟು ಹಾಕೋ ಮಷೀನಿನ ಮಾದರಿಯನ್ನು ಪಕ್ಷಗಳಿಗೆ ತೋರಿಸೋಕೆ ಹೊರಟಿತು, ಒಂದೇ ಮಷೀನಿನಲ್ಲಿ 72 ಕ್ಷೇತ್ರ. ಅನೇಕ ಪಕ್ಷಗಳು ಒಪ್ಪಲಿಲ್ಲ, ಅಲ್ಲಿಗೇ ನಿಂತಿತು. ಅವರ ಅನುಮಾನಗಳಲ್ಲೂ ಹುರುಳಿದೆ. ಆದರೆ ಮಷೀನು ಬೇಡ ಅಂದವರು ಲೈನ್‌ಮನೆಯವನಿಗೆ ಬೇರೆ ದಾರಿ ಹೇಳಲಿಲ್ಲ.

ನಮ್ಮ ನಾಲ್ಕು ತಾಲ್ಲೂಕಿನ ನಕ್ಷೆ ನೋಡಿದರೆ ಇನ್ನೊಂದು ತಮಾಷೆ. ಲೋಕಸಭೆಗೆ ಹುಣಸೂರು, ಪಿರಿಯಾಪಟ್ಟಣ ಸೇರೋದು ಮೈಸೂರು-ಕೊಡಗಿಗೆ. ಕೆ.ಆರ್. ನಗರ ಮಂಡ್ಯಕ್ಕೆ. ಎಚ್.ಡಿ. ಕೋಟೆ ಚಾಮರಾಜನಗರಕ್ಕೆ. ಚಿಕ್ಕಮ್ಮನಿಗೆ ಪಿರಿಯಾಪಟ್ಟಣದಲ್ಲಿ ಡ್ಯೂಟಿ ಬಿದ್ದರೆ ಅದೇ ಲೋಕಸಭಾ ಕ್ಷೇತ್ರ, ಕರ್ತವ್ಯ ಪ್ರಮಾಣಪತ್ರ ತೋರಿಸಿ ಡ್ಯೂಟಿ ಬೂತಿನಲ್ಲೇ ಮಷೀನಿಗೆ ಓಟು ಹಾಕಬಹುದು. ಪಕ್ಕದ ಕೋಟೆಗೋ ಕೆ.ಆರ್. ನಗರಕ್ಕೋ ಬಿದ್ದರೆ ಮತ್ತೆ ಅಂಚೆ ಮತ. ಬಸ್ಸಿನಲ್ಲಿ ಒಂದು ಗಂಟೆ ದಾರಿ, ಓಟಿನ ದಾರಿಯೇ ಬೇರೆ.

2024ರ ಮಾರ್ಚ್ 1ಕ್ಕೆ ಮತ್ತೊಂದು ತಿದ್ದುಪಡಿ ಬಂತು. ಮನೆ ಮತದ ವಯಸ್ಸು 80ರಿಂದ 85ಕ್ಕೆ ಏರಿತು. 80 ದಾಟಿದವರಲ್ಲಿ ಬಹುಪಾಲು ಜನ ಬೂತಿಗೇ ಬರೋಕೆ ಇಷ್ಟಪಡ್ತಾರೆ ಅನ್ನೋದು ಆಗ ಕೇಳಿಬಂದ ಕಾರಣ. ಮೇಲೆ ಹೇಳಿದ ಎರಡು ಸಂಖ್ಯೆ ನೆನಪಿಸಿಕೊಳ್ಳಿ, 12.15 ಲಕ್ಷದ ಎದುರು 94 ಸಾವಿರ. ಲೆಕ್ಕ ಹೊಂದುತ್ತೆ. ಆದರೆ ಇದರ ಅರ್ಥ ಏನು? ನಮ್ಮ ಕೆಲಸದಲ್ಲಿ ಮ್ಯಾನೇಜರುಗಳು ಹೀಗೇ ಮಾಡ್ತಾರೆ. ಬಟನ್ನನ್ನು ಮೂಲೆಯಲ್ಲಿ ಇಟ್ಟು, ಐದು ದಿನ ಮಾತ್ರ ತೋರಿಸಿ, ಆಮೇಲೆ ಯಾರೂ ಒತ್ತಲಿಲ್ಲ ಅಂತ ತೆಗೆದುಹಾಕೋದು. ಎಷ್ಟು ಜನ ಬೇಡ ಅಂದರು, ಎಷ್ಟು ಜನಕ್ಕೆ ಗೊತ್ತೇ ಆಗಲಿಲ್ಲ ಅನ್ನೋದನ್ನು ಬೇರೆ ಮಾಡದೆ ಇಷ್ಟ ಅನ್ನೋ ಪದ ಬಳಸೋ ಹಾಗಿಲ್ಲ.

ನಮ್ಮ ಬೀದಿಯ ಕೊನೇ ಮನೆಯಲ್ಲಿ 84ರ ಒಬ್ಬ ಅಜ್ಜಿ, ಸೊಂಟ ಮುರಿದು ಮಂಚ ಹಿಡಿದವರು. 2023ರಲ್ಲಿ ಮಂಚದ ಮೇಲೇ ಓಟು ಹಾಕಿದ್ದರು. 2024ರಲ್ಲಿ ಒಂದು ವರ್ಷ ಕಡಿಮೆ ಬಿತ್ತು. ಅಂಗವಿಕಲರ ಲೆಕ್ಕದಲ್ಲಿ ಕೇಳಬಹುದಿತ್ತು, ಅದಕ್ಕೆ ಸರ್ಟಿಫಿಕೇಟ್ ಬೇಕು, ಸರ್ಟಿಫಿಕೇಟಿಗೆ ಆಸ್ಪತ್ರೆಗೆ ಹೋಗಬೇಕು. ಏಳೋಕಾಗಲ್ಲ ಅಂತ ತೋರಿಸೋಕೆ ಎದ್ದು ಹೋಗಬೇಕು. ಅವರ ಓಟು ಹೋಯಿತು. ವಯಸ್ಸಿನ ಗೆರೆ ಹಾಕೋದು ಕಚೇರಿಗೆ ಸುಲಭ. ನಡೆಯೋಕೆ ಆಗುತ್ತಾ ಇಲ್ವಾ ಅಂತ ಕೇಳೋದು ಬಿಎಲ್ಒ ಮೇಡಂ ಬಾಗಿಲಲ್ಲಿ ನಿಂತು ಎರಡು ನಿಮಿಷದಲ್ಲಿ ಮಾಡಬಹುದಾದ ಕೆಲಸ.

ಅದೇ ತಿದ್ದುಪಡಿಯಿಂದ ನಮ್ಮಜ್ಜಿಗೆ ಲಾಭವಾಯಿತು. 83, ಮನೆ ಮತ ಇಲ್ಲ. ಆದ್ದರಿಂದ ಮನೆ ಮತ ಬೇಡ ಅಂತ ನಾನು ಹೇಳಿದರೆ ಕೊನೇ ಮನೆಯ ಅಜ್ಜಿಗೆ ಮೋಸ. ಬೇಕು ಅಂತಷ್ಟೇ ಹೇಳಿ ಸುಮ್ಮನಾದರೆ ನಮ್ಮಜ್ಜಿಗೆ ಮೋಸ. ನಾನು ಕೇಳೋದು ದೊಡ್ಡದೇನಲ್ಲ. ತಂಡ ಬಂದಾಗ ಮನೆಯವರೆಲ್ಲ ಹೊರಗೆ ಜಗಲಿಗೆ ಹೋಗಲಿ. ಸಹಾಯ ಬೇಕಾ ಅನ್ನೋದನ್ನು ಅಧಿಕಾರಿ ಮತದಾರರನ್ನು ಒಬ್ಬರನ್ನೇ ಕೇಳಲಿ, ಯಾರು ಬೇಕು ಅಂತಲೂ ಅವರೇ ಹೇಳಲಿ. ಪೆನ್ನಿನ ಜೊತೆ ಒಂದು ಮುದ್ರೆಯೂ ಇರಲಿ. ಅಂಚೆ ಮತ ಎಣಿಕೆಗೆ ಸೇರಿತೋ ಇಲ್ಲವೋ ಅಂತ ಒಂದು ಮೆಸೇಜ್ ಬರಲಿ. ಇದಕ್ಕೆಲ್ಲ ಹೊಸ ಮಷೀನು ಬೇಕಾಗಿಲ್ಲ. ಪೇಪರಿನವರಿಗೂ ಒಂದು ಮಾತು: ಮುಂದಿನ ಸಲ ಫೋಟೋ ತೆಗೆಯೋ ಮುಂಚೆ ಮಗನನ್ನು ಬಿಟ್ಟು ಅವ್ವನನ್ನು ಕೇಳಿ.

2024ರ ಏಪ್ರಿಲ್ 26, ಶುಕ್ರವಾರ. ಬಿಸಿಲೇರೋ ಮುಂಚೆ ಅಜ್ಜಿಯನ್ನು ಆಟೋದಲ್ಲಿ ಸ್ಕೂಲಿಗೆ ಕರ್ಕೊಂಡು ಹೋದೆ. ಅದೇ ಹಬ್ಬದ ಸೀರೆ. ಬಾಗಿಲಲ್ಲಿ 'ಜೊತೆಗೆ ಬರ್ಲಾ ಅಜ್ಜಿ?' ಅಂದೆ. 'ನೀ ಇಲ್ಲೇ ಇರ್ ಮಗ' ಅಂದಳು. ಹೊಸಲು ಹಿಡ್ಕೊಂಡು ಒಳಗೆ ಹೋದಳು. ಬಹಳ ಹೊತ್ತಾಯಿತು. ಹಿಂದಿನವರು ಗೊಣಗೋಕೆ ಶುರು ಮಾಡಿದರು. ಆಮೇಲೆ ಮಷೀನು ಕೂಗಿದ್ದು ಹೊರಗಿನ ತನಕ ಕೇಳಿಸಿತು.

ಮನೆ ಬಾಗಿಲಲ್ಲಿ ದೊಡ್ಡಪ್ಪ ಕಾಯ್ತಿದ್ದರು. 'ಸರ್ಯಾಗ್ ಒತ್ದಾ ಅವ್ವಾ? ಯಾವುದ್ಕೊತ್ದೆ?'

'ಕುಯ್ ಅಂತು ಕನಪ್ಪ' ಅಂದಳು ಅಜ್ಜಿ, ಚಪ್ಪಲಿ ಬಿಡ್ತಾ. 'ಅಷ್ಟೇ ಗೊತ್ತು.'

ಆವತ್ತಿನ ಫೋಟೋ ನಮ್ಮ ಗ್ರೂಪಿನಲ್ಲಿ ಇಲ್ಲ. ಬೂತಿನೊಳಗೆ ಮೊಬೈಲ್ ಬಿಡಲ್ಲ.